ಇದು ‘ಚಿತ್ರಾನ್ನ ಡಿಗ್ರಿ’ಯೇ? ಸಮಾಜ ವಿಜ್ಞಾನದ ಅಂತರ್‌ಶಿಸ್ತೀಯ ಪದವಿ ಬಗ್ಗೆ ಒಬ್ಬ ತಂದೆಯ ಪ್ರಶ್ನೆ

ಪ್ರಶ್ನೆ: ಮೇಡಂ, ನಮ್ಮದು ಕೊಡಗಿನ ನಾಪೋಕ್ಲು ಹತ್ತಿರದ ಊರು, ಐದು ಎಕರೆ ಕಾಫಿ. ಮಗಳು ಈ ಸಲ ಸೆಕೆಂಡ್ ಪಿಯುಸಿ ಆರ್ಟ್ಸ್ ಮುಗಿಸಿದಳು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಇತ್ತು, ಶೇ. 88 ಬಂದಿದೆ. ಮಡಿಕೇರಿಯಲ್ಲೇ ಬಿ.ಎ. ಮಾಡು ಅಂದರೆ ಕೇಳುತ್ತಿಲ್ಲ. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಸಮಾಜ ವಿಜ್ಞಾನ ಆನರ್ಸ್‌ಗೆ ಸೀಟು ಸಿಕ್ಕಿದೆ. ಅವರು ಕಳಿಸಿದ ಪುಸ್ತಕದಲ್ಲಿ ಕೋರ್, ಮೈನರ್, ಮೆಥಡ್ಸ್, ಸ್ಟಾಟಿಸ್ಟಿಕ್ಸ್, ಫೀಲ್ಡ್‌ವರ್ಕ್, ಡಿಸರ್ಟೇಶನ್, ಒಟ್ಟು 160 ಕ್ರೆಡಿಟ್ ಅಂತ ಏನೇನೋ ಇದೆ. ಒಂದು ವಿಷಯವನ್ನೂ ಪೂರ್ತಿ ಓದಿಸುವಂತೆ ಕಾಣುವುದಿಲ್ಲ. ನನ್ನ ಅಣ್ಣ ‘ಇದು ಚಿತ್ರಾನ್ನ ಡಿಗ್ರಿ, ಬಿ.ಎಡ್.ಗೂ ಆಗುವುದಿಲ್ಲ, ಎಂ.ಎ.ಗೂ ಆಗುವುದಿಲ್ಲ’ ಅನ್ನುತ್ತಾನೆ. ಎಸೆಸೆಲ್ಸಿ ಆದಮೇಲೆ ಅವಳು ಗಣಿತ ಮುಟ್ಟಿಲ್ಲ. ರೋಬಸ್ಟಾಕ್ಕೆ ರೇಟು ಚೆನ್ನಾಗಿ ಸಿಕ್ಕಿದ್ದರಿಂದ ಮೊದಲ ವರ್ಷದ ಫೀಸು ಕಟ್ಟಬಹುದು. ನಾಲ್ಕು ವರ್ಷವೂ ರೇಟು ಹೀಗೇ ಇರುತ್ತದೆ ಎಂದು ಯಾರು ಹೇಳುತ್ತಾರೆ? ಏನು ಮಾಡಲಿ?

ಉತ್ತರ: ನಿಮ್ಮ ಅಣ್ಣನ ಮಾತು ಅರ್ಧ ಸರಿ. ಯಾವ ಅರ್ಧ ಎಂಬುದನ್ನು ಮುಂದೆ ಹೇಳುತ್ತೇನೆ. ಪದವಿ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿದ್ದೇನೆ, ಅಧ್ಯಯನ ಮಂಡಳಿಯಲ್ಲಿ ಕುಳಿತು ಸಿಲಬಸ್ ತಿದ್ದುವ ಕೆಲಸವನ್ನೂ ಮಾಡಿದ್ದೇನೆ. ನಿಮ್ಮಂಥ ತಂದೆತಾಯಿಯರು ಕೋರ್ಸಿನ ಹೆಸರು ಹಿಡಿದುಕೊಂಡು ಬರುತ್ತಾರೆ. ಒಳಗಿನ ಭಯ ಬೇರೆಯೇ ಇರುತ್ತದೆ: ನಾಲ್ಕು ವರ್ಷ ಕಳೆದು ಮಗಳು ಎಲ್ಲೋ ಅರ್ಜಿ ಹಾಕಲು ನಿಂತಾಗ, ಕಿಟಕಿಯಾಚೆ ಕುಳಿತವರು ‘ನಿಂದು ಯಾವ ಸಬ್ಜೆಕ್ಟಮ್ಮಾ?’ ಎಂದರೆ ಅವಳು ಏನು ಹೇಳಬೇಕು? ಆ ಕಿಟಕಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಪಡಿಸಬೇಕು. ಹಲವು ವಿಷಯ ಕೂಡಿಸಿ ಓದುವುದು ಹೊಸ ಫ್ಯಾಷನ್ ಅಲ್ಲ. ನಮ್ಮ ಕಾಲದ ಬಿ.ಎ. ಎಂದರೇನು? ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಂದು ಮೂರು ಐಚ್ಛಿಕ ವಿಷಯ, ಎರಡು ಭಾಷೆ. ನಡುವೆ ರಾಷ್ಟ್ರೀಯ ಶಿಕ್ಷಣ ನೀತಿಯಡಿ 2021-22ರಿಂದ ನಾಲ್ಕು ವರ್ಷದ ಆನರ್ಸ್ ಬಂತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು ಮೂರು ವರ್ಷದ, ಮೂರು ಮುಖ್ಯ ವಿಷಯಗಳ ಪದವಿಗೆ ಮರಳಿತು. ಹಾಗಾಗಿ ಮಡಿಕೇರಿಯ ಬಿ.ಎ.ಯೂ ಒಂದೇ ವಿಷಯದ ಪದವಿಯಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ. ಹಳೆಯ ಕ್ರಮದಲ್ಲಿ ಮೂರು ವಿಷಯಗಳೂ ಬೇಲಿ ಹಾಕಿದ ಮೂರು ತೋಟಗಳಿದ್ದ ಹಾಗೆ. ಇತಿಹಾಸದ ಮೇಷ್ಟ್ರಿಗೆ ಅರ್ಥಶಾಸ್ತ್ರದ ತರಗತಿಯಲ್ಲಿ ಏನು ನಡೆಯುತ್ತಿದೆ ಎಂಬ ಸುದ್ದಿಯೇ ಇರುತ್ತಿರಲಿಲ್ಲ. ಹುಡುಗರು ಮೂರನ್ನೂ ಬೇರೆ ಬೇರೆ ಬಾಯಿಪಾಠ ಮಾಡಿ ಬೇರೆ ಬೇರೆ ದಿನ ಬರೆದು ಬರುತ್ತಿದ್ದರು. ಅಂತರ್‌ಶಿಸ್ತೀಯ ಪದವಿಯಲ್ಲಿ ಆ ಬೇಲಿ ತೆಗೆಯಬೇಕು. ತೆಗೆದಿದ್ದಾರೋ ಇಲ್ಲವೋ ಎಂಬುದು ಆ ಪುಸ್ತಕದ ‘ಕೋರ್’ ಪುಟದಲ್ಲೇ ಗೊತ್ತಾಗುತ್ತದೆ.

ನಿಮಗೆ ಗೊತ್ತಿರುವ ಜಮ್ಮಾ ಜಾಗವನ್ನೇ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಹಿಡುವಳಿಯನ್ನೇ, ತೆಗೆದುಕೊಳ್ಳಿ. ಅದು ಏಕೆ ಬಂತು ಎಂದು ಕೇಳಿದರೆ ಇತಿಹಾಸಕ್ಕೆ ಹೋಗಬೇಕು: ರಾಜರ ಕಾಲದ ಸೈನಿಕ ಸೇವೆ, 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೂ ಉಳಿದ ಕಡಿಮೆ ಕಂದಾಯ. ಅದೇ ಜಾಗ ಅಡವಿಟ್ಟು ಸಾಲ ತೆಗೆಯಲು ಬ್ಯಾಂಕಿಗೆ ಹೋದಾಗ ಮ್ಯಾನೇಜರು ಪಟ್ಟೆದಾರನ ಹೆಸರಿನ ಕೆಳಗಿನ ಅಷ್ಟೂ ಜನರ ಸಹಿ ಕೇಳುತ್ತಾನಲ್ಲ, ಅಲ್ಲಿ ಪ್ರಶ್ನೆ ಅರ್ಥಶಾಸ್ತ್ರದ್ದಾಗುತ್ತದೆ. ಒಕ್ಕದ (ಕೊಡವರ ಕುಲಮನೆತನದ) ಜಮೀನು ಯಾರದು, ಮದುವೆಯಾಗಿ ಹೋದ ಹೆಣ್ಣುಮಗಳ ಹಕ್ಕೇನು ಎಂದರೆ ಸಮಾಜಶಾಸ್ತ್ರ ಮತ್ತು ಕಾನೂನು ಎರಡೂ ಬೇಕು. ಕಂದಾಯ ಕಾಯ್ದೆಗೆ ತಿದ್ದುಪಡಿ ತರಲು ಇಷ್ಟು ವರ್ಷ ಏಕೆ ಹಿಡಿಯುತ್ತದೆ ಎಂಬುದು ರಾಜ್ಯಶಾಸ್ತ್ರ. ಇವುಗಳಲ್ಲಿ ಒಂದನ್ನಷ್ಟೇ ಓದಿದವರು ಜಮ್ಮಾ ಬಗ್ಗೆ ಹೇಳುವುದು ಅರೆಬರೆ ಮಾತು. ಒಳ್ಳೆಯ ಅಂತರ್‌ಶಿಸ್ತೀಯ ಕೋರ್ಸು ಮೊದಲ ವರ್ಷ ಈ ಶಾಸ್ತ್ರಗಳ ಬುನಾದಿ ಹಾಕಿ, ಎರಡನೇ ವರ್ಷದಿಂದ ಇಂಥ ಒಂದೊಂದು ಪ್ರಶ್ನೆಯನ್ನು ಎದುರಿಗಿಟ್ಟು ಎಲ್ಲವನ್ನೂ ಬಳಸಿ ನೋಡು ಎನ್ನುತ್ತದೆ. ಕೆಟ್ಟ ಕೋರ್ಸಾದರೆ ನಾಲ್ಕು ವರ್ಷವೂ ‘ಪರಿಚಯ’, ‘ಪರಿಚಯ’ ಎಂದೇ ಪೇಪರುಗಳನ್ನು ಪೇರಿಸುತ್ತದೆ. ಚಿತ್ರಾನ್ನ ಎಂದರೆ ಅದು. ಪುಸ್ತಕ ತೆಗೆದು ಮೂರನೇ, ನಾಲ್ಕನೇ ವರ್ಷದ ಪೇಪರುಗಳ ಹೆಸರು ನೋಡಿ. ‘ಇದಕ್ಕೆ ಮೊದಲು ಇಂಥ ಪೇಪರ್ ಪಾಸಾಗಿರಬೇಕು’ ಎಂಬ ಷರತ್ತು ಅಲ್ಲಲ್ಲಿ ಇದ್ದರೆ ಕೋರ್ಸಿಗೆ ಮೆಟ್ಟಿಲುಗಳಿವೆ ಎಂದರ್ಥ. ಅಂಥ ಷರತ್ತು ಎಲ್ಲೂ ಇಲ್ಲದಿದ್ದರೆ ನಾನು ಅನುಮಾನಪಡುತ್ತೇನೆ.

ಇನ್ನು ಕ್ರೆಡಿಟ್ ಲೆಕ್ಕ. ಹದಿನೈದು ವಾರದ ಸೆಮಿಸ್ಟರಿನಲ್ಲಿ ವಾರಕ್ಕೆ ಒಂದು ಗಂಟೆ ಪಾಠವಾದರೆ ಅದು ಒಂದು ಕ್ರೆಡಿಟ್, ಅಂದರೆ 15 ಗಂಟೆ. ಪ್ರಾಯೋಗಿಕ ಕೆಲಸ, ಫೀಲ್ಡ್‌ವರ್ಕ್ ಆದರೆ ಒಂದು ಕ್ರೆಡಿಟ್ಟಿಗೆ 30 ಗಂಟೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಡಿಸೆಂಬರಿನಲ್ಲಿ ಹೊರಡಿಸಿದ ಚೌಕಟ್ಟಿನಲ್ಲಿ ಮೂರು ವರ್ಷಕ್ಕೆ ಕನಿಷ್ಠ 120, ನಾಲ್ಕು ವರ್ಷಕ್ಕೆ 160 ಕ್ರೆಡಿಟ್. ನಾಲ್ಕು ವರ್ಷದ ಲೆಕ್ಕದಲ್ಲಿ ಮೇಜರ್‌ಗೆ, ಅಂದರೆ ಮುಖ್ಯ ವಿಷಯಕ್ಕೆ, 80; ಮೈನರ್‌ಗೆ, ಅಂದರೆ ಜೊತೆಗೆ ಓದುವ ಎರಡನೇ ವಿಷಯಕ್ಕೆ, 32. ಉಳಿದದ್ದು ಭಾಷೆ, ಕೌಶಲ, ಮೌಲ್ಯವರ್ಧಿತ ಪೇಪರು, ಇಂಟರ್ನ್‌ಶಿಪ್, ಡಿಸರ್ಟೇಶನ್ (ಸಂಶೋಧನಾ ಪ್ರಬಂಧ) ಎಂದು ಹಂಚಿಹೋಗುತ್ತದೆ. ಮೇಜರೇ ಅಂತರ್‌ಶಿಸ್ತೀಯವಾಗಿದ್ದರೆ ಆ 80 ಕ್ರೆಡಿಟ್ಟು ಅದರೊಳಗಿನ ಶಾಸ್ತ್ರಗಳಿಗೆ ಹಂಚಿಕೆಯಾಗುತ್ತದೆ. ನಾಲ್ಕು ಶಾಸ್ತ್ರಗಳಿಗೆ ಸಮನಾಗಿ ಹಂಚಿದರು ಎಂದಿಟ್ಟುಕೊಳ್ಳಿ, ಒಂದಕ್ಕೆ 20. ನಾಲ್ಕು ಕ್ರೆಡಿಟ್ಟಿನ ಐದೇ ಪೇಪರು!

ನಿಮ್ಮ ಅಣ್ಣ ಸರಿ ಹೇಳಿದ ಅರ್ಧ ಇದೇ. ಐದು ಪೇಪರಿನಿಂದ ಯಾರೂ ಅರ್ಥಶಾಸ್ತ್ರದವರಾಗುವುದಿಲ್ಲ. ಅವರು ನೋಡದೆ ಬಿಟ್ಟದ್ದು ಮೈನರ್. ಅದೇ ಹುಡುಗಿ 32 ಕ್ರೆಡಿಟ್ಟಿನ ಮೈನರನ್ನು ಅರ್ಥಶಾಸ್ತ್ರದಲ್ಲೇ ತೆಗೆದುಕೊಂಡರೆ ಎರಡೂ ಸೇರಿ 52 ಕ್ರೆಡಿಟ್, ಹದಿಮೂರು ಪೇಪರು. ಇದು ಕಡಿಮೆಯಲ್ಲ. ಹುಡುಗರು ಮಾತ್ರ ಮೈನರ್ ಅಂದರೆ ಮಾರ್ಕ್ಸ್ ಎಳೆಯಲು ಇರುವ ಸುಲಭದ ವಿಷಯ ಎಂದುಕೊಳ್ಳುತ್ತಾರೆ. ಗೆಳತಿ ತೆಗೆದುಕೊಂಡಳೆಂದು ತಾನೂ ತೆಗೆದುಕೊಂಡೆ ಎನ್ನುವವರನ್ನು ಎಷ್ಟು ಜನರನ್ನು ನೋಡಿದ್ದೇನೋ! ಅಂತರ್‌ಶಿಸ್ತೀಯ ಪದವಿಗೆ ಬೆನ್ನುಮೂಳೆ ಕೊಡುವುದು ಮೈನರ್. ನಾನು ಹೇಳಿದ್ದು ಯುಜಿಸಿಯ ಕನಿಷ್ಠ ಲೆಕ್ಕ. ನಿಮ್ಮ ಕೈಯಲ್ಲಿರುವ ಪುಸ್ತಕದ ಹಂಚಿಕೆ ಬೇರೆ ಇರಬಹುದು, ಪೆನ್ನು ಹಿಡಿದು ಮಗಳ ಜೊತೆ ಕೂತು ಕೂಡಿಸಿ ನೋಡಿ.

ಗಣಿತದ ಭಯಕ್ಕೆ ಬರುತ್ತೇನೆ. ಸಮಾಜ ವಿಜ್ಞಾನದ ಪದವಿಯಲ್ಲಿ ಕಡ್ಡಾಯವಾಗಿ ಬರುವ ಸ್ಟಾಟಿಸ್ಟಿಕ್ಸ್ ಬೇರೆ, ಅರ್ಥಶಾಸ್ತ್ರದ ಆನರ್ಸ್‌ನ ಗಣಿತ ಬೇರೆ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೆ ಪ್ರವೇಶ ಪರೀಕ್ಷೆಯಲ್ಲೇ ಗಣಿತ ಕಡ್ಡಾಯ. ಅಲ್ಲಿಗೆ ನಿಮ್ಮ ಮಗಳು ಹೋಗುವಂತಿಲ್ಲ. ಇಲ್ಲಿ ಕೇಳುವುದು ಸರಾಸರಿ, ಚದುರುವಿಕೆ, ಸ್ಯಾಂಪಲ್ ತೆಗೆಯುವ ಕ್ರಮ, ಎರಡು ಸಂಗತಿಗಳ ನಡುವಿನ ಸಂಬಂಧ ಅಳೆಯುವುದು. ಎಸೆಸೆಲ್ಸಿ ಗಣಿತ ನೆಟ್ಟಗೆ ಬಂದರೆ ಸಾಕು.

ಇದು ನಿಮಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಚೆರ್ರಿ ಮಾರುವಾಗ ವ್ಯಾಪಾರಿ ಗೋಣಿಗಳಿಂದ ಒಂದಿಷ್ಟು ಸ್ಯಾಂಪಲ್ ತೆಗೆದು ಓಟಿ (ಔಟ್‌ಟರ್ನ್, ಅಂದರೆ ಒಣ ಹಣ್ಣಿನಿಂದ ಸಿಗುವ ಬೀಜದ ಪ್ರಮಾಣ) ನೋಡಿ ಇಡೀ ಲೋಡಿಗೆ ರೇಟು ಕಟ್ಟುತ್ತಾನೆ. ಅವನು ಮೇಲಿನ ಎರಡು ಚೀಲದಿಂದ ಮಾತ್ರ ತೆಗೆದರೆ ನೀವು ಸುಮ್ಮನಿರುತ್ತೀರಾ? ‘ಅಡಿಯಿಂದಲೂ ತೆಗಿ, ನಡುವಿನಿಂದಲೂ ತೆಗಿ’ ಎನ್ನುತ್ತೀರಿ. ಸ್ಯಾಂಪ್ಲಿಂಗ್ ಪಾಠದ ತಿರುಳು ಇಷ್ಟೇ. ನಮ್ಮಲ್ಲಿ ಮಳೆಯನ್ನು ಇಂಚಿನ ಲೆಕ್ಕದಲ್ಲಿ ದಿನದಿನ ಬರೆದಿಡುವ ಮನೆಗಳು ಬಹಳ. ನಿಮ್ಮ ಮನೆಯಲ್ಲೂ ಅಂಥ ಹಳೆಯ ಪುಸ್ತಕವಿದ್ದರೆ ಮಗಳಿಗೆ ಕೊಡಿ, ಸ್ಟಾಟಿಸ್ಟಿಕ್ಸ್‌ಗೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಪುಸ್ತಕ ಸಿಗಲಿಕ್ಕಿಲ್ಲ.

ಒಮ್ಮೆ ನನ್ನ ವಿದ್ಯಾರ್ಥಿಯೊಬ್ಬ ತೋಟ ಕಾರ್ಮಿಕರ ಕೂಲಿ ಬಗ್ಗೆ ಸರ್ವೆ ಮಾಡಿ ತಂದ. ಶುಕ್ರವಾರದ ಮಡಿಕೇರಿ ಸಂತೆಯಲ್ಲಿ ನಿಂತು ನಲವತ್ತು ಜನರನ್ನು ಮಾತಾಡಿಸಿದ್ದ, ಅಂಕಿಗಳೆಲ್ಲ ಅಚ್ಚುಕಟ್ಟು. ‘ಸಂತೆಗೆ ಬರಲಾಗದವರ ಕೂಲಿ ಎಷ್ಟಪ್ಪಾ?’ ಎಂದು ಕೇಳಿದೆ. ಪೇಟೆಯಿಂದ ದೂರದ ಲೈನ್ ಮನೆಗಳಲ್ಲಿರುವವರು, ಕೈಮಗು ಇರುವ ಹೆಂಗಸರು, ಸಾಲದ ಲೆಕ್ಕದಲ್ಲಿ ದುಡಿಯುತ್ತಿರುವವರು ಯಾರೂ ಅವನ ಪಟ್ಟಿಯಲ್ಲಿ ಇರಲಿಲ್ಲ. ಮತ್ತೆ ಮೂರು ವಾರ ತೋಟತೋಟ ಅಲೆದ. ಎರಡನೇ ಸಲ ತಂದ ಸರಾಸರಿ ಮೊದಲಿನದ್ದಕ್ಕಿಂತ ಕೆಳಗಿತ್ತು.

2011ರ ಜನಗಣತಿಯಲ್ಲಿ ಕೊಡಗಿನಲ್ಲಿ ಸಾವಿರ ಗಂಡಸರಿಗೆ 1,019 ಹೆಂಗಸರು. ಇಡೀ ರಾಜ್ಯದಲ್ಲಿ ಅದು 973. ‘ನಮ್ಮಲ್ಲಿ ಹೆಣ್ಣಿಗೆ ಗೌರವ ಜಾಸ್ತಿ, ಅದಕ್ಕೇ’ ಎಂದು ತರಗತಿಯಲ್ಲಿ ಮಕ್ಕಳು ಹೆಮ್ಮೆಯಿಂದ ಹೇಳುತ್ತಾರೆ. ಇರಬಹುದು. ಸೈನ್ಯಕ್ಕೆ, ಬೆಂಗಳೂರಿಗೆ, ಗಲ್ಫಿಗೆ ಹೋದ ಗಂಡಸರನ್ನು ಗಣತಿಯಲ್ಲಿ ಎಲ್ಲಿ ಎಣಿಸುತ್ತಾರೆ ಎಂದು ಕೇಳಿದ ಮೇಲೆ ಅದೇ ಅಂಕಿ ಬೇರೆ ಥರ ಕಾಣತೊಡಗುತ್ತದೆ. ಹೀಗೆ ಅಂಕಿಯನ್ನು ಮರುಪ್ರಶ್ನಿಸುವುದು ಬಂದರೆ ಸರ್ವೆ ಸಂಸ್ಥೆ, ಸ್ವಯಂಸೇವಾ ಸಂಸ್ಥೆ, ಪತ್ರಿಕೆ, ಯೋಜನಾ ಇಲಾಖೆ ಎಲ್ಲಿ ಹೋದರೂ ಕೆಲಸಕ್ಕೆ ಬರುತ್ತದೆ. ಹಾಗಾಗಿ ನನ್ನ ಅಭಿಪ್ರಾಯ ನಿಮಗೆ ತಲೆಕೆಳಗೆನಿಸಬಹುದು: ನೀವು ಹೆದರುತ್ತಿರುವ ಮೆಥಡ್ಸ್ (ಸಂಶೋಧನಾ ವಿಧಾನ), ಸ್ಟಾಟಿಸ್ಟಿಕ್ಸ್ ಪೇಪರುಗಳಿಗಾಗಿಯೇ ಆ ಕೋರ್ಸಿಗೆ ದುಡ್ಡು ಕೊಡಬಹುದು. ಅವು ಕಡ್ಡಾಯವಿಲ್ಲದ ಕೋರ್ಸಾಗಿದ್ದರೆ ಸೇರಿಸಬೇಡಿ ಎನ್ನುತ್ತಿದ್ದೆ.

ಈಗ ಕಿಟಕಿಯ ವಿಚಾರ. ಯುಪಿಎಸ್‌ಸಿಯ ನಾಗರಿಕ ಸೇವೆ, ನಮ್ಮ ಕೆಎಎಸ್, ಮೂರು ವರ್ಷದ ಎಲ್‌ಎಲ್‌ಬಿ — ಇವು ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಯಾವ ಪದವಿಯನ್ನೂ ಒಪ್ಪುತ್ತವೆ. ಎಲ್‌ಎಲ್‌ಬಿಗೆ ಸಾಮಾನ್ಯ ವರ್ಗದವರಿಗೆ ಶೇ. 45 ಅಂಕ ಬೇಕು, ಅಷ್ಟೆ. ಇಲ್ಲೆಲ್ಲ ‘ಚಿತ್ರಾನ್ನ’ದ ಪ್ರಶ್ನೆ ಬರುವುದೇ ಇಲ್ಲ.

ಬರುವುದು ಮಾಸ್ತರಿಕೆಯಲ್ಲಿ. ಬಿ.ಎಡ್.ಗೆ ಪದವಿಯಲ್ಲಿ ಶೇ. 50 ಬೇಕು, ಬೋಧನಾ ವಿಷಯವನ್ನು ಪದವಿಯಲ್ಲಿ ಓದಿದ ಶಾಲಾ ವಿಷಯ ನೋಡಿ ಕೊಡುತ್ತಾರೆ. ಸರ್ಕಾರಿ ಶಾಲೆಯ ಸಮಾಜ ವಿಜ್ಞಾನ ಶಿಕ್ಷಕರ ಹುದ್ದೆಗೆ ಪದವಿಯಲ್ಲಿ ಯಾವ ಯಾವ ಐಚ್ಛಿಕ ವಿಷಯ ಓದಿರಬೇಕು ಎಂದು ನೇಮಕಾತಿ ನಿಯಮದಲ್ಲೇ ಹೆಸರಿಟ್ಟು ಬರೆದಿರುತ್ತಾರೆ. ಎಂ.ಎ. ವಿಷಯದಲ್ಲಿ ಯುಜಿಸಿ 2024ರ ಸ್ನಾತಕೋತ್ತರ ಚೌಕಟ್ಟಿನಲ್ಲಿ ಔದಾರ್ಯ ತೋರಿದೆ. ಪ್ರವೇಶ ಪರೀಕ್ಷೆ ಪಾಸಾದರೆ ಪದವಿಯ ವಿಷಯ ಯಾವುದಿದ್ದರೂ ಸರಿ ಎನ್ನುತ್ತದೆ. ಆದರೂ ಅರ್ಥಶಾಸ್ತ್ರದಂಥ ವಿಷಯಕ್ಕೆ ‘ಪದವಿಯಲ್ಲಿ ಐಚ್ಛಿಕವಾಗಿ ಓದಿರಬೇಕು’ ಎಂಬ ಹಳೆಯ ಸಾಲನ್ನು ಅನೇಕ ಕಡೆ ಇನ್ನೂ ಇಟ್ಟುಕೊಂಡಿದ್ದಾರೆ.

ಅಲ್ಲಿ ಕೂತವರು ಪದವಿಯ ಹೆಸರು ನೋಡುವುದಿಲ್ಲ, ಅಂಕಪಟ್ಟಿ ನೋಡುತ್ತಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೊರಗಿನ ಒಂದು ಸಂಸ್ಥೆಯಲ್ಲಿ ಇಂಥದ್ದೇ ಪದವಿ ಮುಗಿಸಿದಳು. ಜಾಣೆ. ದಾಖಲೆ ಪರಿಶೀಲನೆಯ ದಿನ ಸಿಕ್ಕಿಹಾಕಿಕೊಂಡಳು, ಏಕೆಂದರೆ ಅಂಕಪಟ್ಟಿಯಲ್ಲಿ ‘ಅಧಿಕಾರ ಮತ್ತು ಸಮಾಜ’, ‘ನೆಲ ಮತ್ತು ನೆನಪು’ ಈ ಥರದ ಚೆಂದದ ಹೆಸರುಗಳಿದ್ದವು. ಅದು ರಾಜ್ಯಶಾಸ್ತ್ರವೋ ಸಮಾಜಶಾಸ್ತ್ರವೋ ಇತಿಹಾಸವೋ? ಪರಿಶೀಲಿಸುವವರಿಗೆ ತಿಳಿಯಲಿಲ್ಲ, ಅವರದ್ದು ತಪ್ಪೂ ಅಲ್ಲ. ಕುಲಸಚಿವರ ಪತ್ರಕ್ಕಾಗಿ ಮೂರು ಸಲ ಓಡಾಡಿದಳು. ಪತ್ರ ಬಂತು, ಅಷ್ಟರಲ್ಲಿ ಆ ಸುತ್ತು ಮುಗಿದಿತ್ತು.

ಅದಕ್ಕೆ ನೀವು ಫೀಸು ಕಟ್ಟುವ ಮೊದಲೇ ಒಂದು ಇ-ಮೇಲ್ ಕಳಿಸಿ. ಹಿಂದಿನ ಬ್ಯಾಚಿನ ಅಂಕಪಟ್ಟಿಯ ಮಾದರಿಯನ್ನು ಹೆಸರು ಮುಚ್ಚಿ ಕಳಿಸುವಂತೆ ಕೇಳಿ. ಪೇಪರಿನ ಕೋಡಿನಲ್ಲಿ ಇತಿಹಾಸ, ಅರ್ಥಶಾಸ್ತ್ರ ಎಂದು ವಿಷಯ ಗೊತ್ತಾಗುತ್ತದೆಯೇ, ಮೈನರಿನ ಹೆಸರು ಪದವಿ ಪ್ರಮಾಣಪತ್ರದಲ್ಲಿ ಅಥವಾ ಅಂಕಪಟ್ಟಿಯಲ್ಲಿ ಅಚ್ಚಾಗುತ್ತದೆಯೇ ಎಂದು ಕೇಳಿ. ಕೊಡುವ ಪದವಿ ‘ಬಿ.ಎ.’ ಎಂದೇ ಇದೆಯೇ, ಯುಜಿಸಿ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯದ ಹೆಸರಿದೆಯೇ ನೋಡಿ. ಸೇರಿದ ಮೇಲೆ ಮಗಳು ಪ್ರತಿ ಸೆಮಿಸ್ಟರಿನ ಸಿಲಬಸ್ಸಿಗೆ ವಿಭಾಗದ ಸೀಲು ಹಾಕಿಸಿ ಫೈಲು ಮಾಡಿಟ್ಟುಕೊಳ್ಳಲಿ. ಆರು ವರ್ಷದ ನಂತರ ಕೇಳಿದರೆ ಯಾವ ಆಫೀಸಿನಲ್ಲೂ ಸಿಗುವುದಿಲ್ಲ.

ನಾಲ್ಕು ವರ್ಷದ ಖರ್ಚು ಎಂದು ಹೆದರಿದ್ದೀರಿ. ಯುಜಿಸಿ ಚೌಕಟ್ಟಿನಲ್ಲಿ ನಡೆಯುವ ಕೋರ್ಸಾದರೆ ಮೂರು ವರ್ಷಕ್ಕೆ, 120 ಕ್ರೆಡಿಟ್ ಮುಗಿಸಿ, ಪದವಿ ಹಿಡಿದು ಹೊರಬರಬಹುದು. ನಡುವೆ ಬಿಡುವ ಪರಿಸ್ಥಿತಿ ಬಂದರೂ ಮೂರು ವರ್ಷದೊಳಗೆ ಮರಳಿ ಸೇರಿ ಒಟ್ಟು ಏಳು ವರ್ಷದಲ್ಲಿ ಮುಗಿಸಲು ಅವಕಾಶವಿದೆ. ನಾಲ್ಕನೇ ವರ್ಷ ಯಾರಿಗೆ ಬೇಕು? ಸಂಶೋಧನೆಗೆ ಹೋಗುವವರಿಗೆ. ಮೊದಲ ಆರು ಸೆಮಿಸ್ಟರಿನಲ್ಲಿ ಶೇ. 75 ತೆಗೆದವರಿಗೆ 12 ಕ್ರೆಡಿಟ್ಟಿನ ಡಿಸರ್ಟೇಶನ್ ಸಹಿತ ‘ಸಂಶೋಧನೆಯೊಂದಿಗೆ ಆನರ್ಸ್’ ಸಿಗುತ್ತದೆ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಇದ್ದವರು ನೇರ ಪಿಎಚ್‌.ಡಿ. ಪ್ರವೇಶಕ್ಕೆ ಪ್ರಯತ್ನಿಸಬಹುದು ಎಂದು 2022ರ ನಿಯಮ ಹೇಳುತ್ತದೆ. ಟೀಚರ್ ಆಗುವ, ಕೆಎಎಸ್ ಬರೆಯುವ ಆಸೆಯಿದ್ದರೆ ನಾಲ್ಕನೇ ವರ್ಷದ ಫೀಸು ಉಳಿಸಿ. ಈ ತೀರ್ಮಾನ ಇವತ್ತೇ ಬೇಡ. ಐದನೇ ಸೆಮಿಸ್ಟರಿನ ಹೊತ್ತಿಗೆ ಮಾಡಿದರೆ ಸಾಕು. ‘ಮೂರು ವರ್ಷಕ್ಕೆ ಹೊರಬಂದರೆ ಪ್ರಮಾಣಪತ್ರದಲ್ಲಿ ಏನು ಬರೆಯುತ್ತೀರಿ?’ ಎಂಬುದನ್ನು ಮಾತ್ರ ಈಗಲೇ ಕೇಳಿಡಿ.

ಮಡಿಕೇರಿಯ ದಾರಿಯನ್ನು ಮಗಳು ಅಷ್ಟು ಸುಲಭವಾಗಿ ತಳ್ಳಿಹಾಕಬಾರದು. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಎಂದು ಮೂರು ವಿಷಯದ ಹೆಸರೂ ಅಂಕಪಟ್ಟಿಯಲ್ಲಿ ಸ್ಪಷ್ಟವಾಗಿ ಬರುತ್ತದೆ, ಕಿಟಕಿಯಲ್ಲಿ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಖರ್ಚು ಕಡಿಮೆ, ಮಾಸ್ತರಿಕೆಗೆ ಇದೇ ನೇರ ದಾರಿ. ಕೊರತೆಯೆಂದರೆ ಮೆಥಡ್ಸ್ ಮತ್ತು ಫೀಲ್ಡ್‌ವರ್ಕ್. ಆಸಕ್ತಿಯಿರುವ ಮೇಷ್ಟ್ರು ಸಿಕ್ಕರೆ ಅದೂ ತುಂಬುತ್ತದೆ, ಸಿಗದಿದ್ದರೆ ಗೈಡ್ ಪುಸ್ತಕದಲ್ಲೇ ಮೂರು ವರ್ಷ ಕಳೆಯುತ್ತದೆ. ಊರಿನಲ್ಲಿ ಅಧ್ಯಯನಕ್ಕೆ ವಸ್ತುವಿಲ್ಲ ಎನ್ನುವಂತಿಲ್ಲ. ಭಾರತೀಯ ಸಮಾಜಶಾಸ್ತ್ರದಲ್ಲಿ ಎಲ್ಲರೂ ಬಳಸುವ ‘ಸಂಸ್ಕೃತೀಕರಣ’ (ಕೆಳಗಿನ ಜಾತಿಯವರು ಮೇಲಿನ ಜಾತಿಯ ಆಚಾರ ಅನುಸರಿಸಿ ಮೇಲೇರಲು ನೋಡುವುದು) ಎಂಬ ಮಾತನ್ನು ಎಂ.ಎನ್. ಶ್ರೀನಿವಾಸ್ ಬೆಳೆಸಿದ್ದು ಕೊಡವರ ಮೇಲಿನ ಅಧ್ಯಯನದಲ್ಲಿ, 1952ರಲ್ಲಿ. 2018ರ ಭೂಕುಸಿತ, ಹೋಂಸ್ಟೇ, ಆದಿವಾಸಿ ಹಾಡಿಗಳ ಅರಣ್ಯ ಹಕ್ಕು — ಇವನ್ನು ಅಧ್ಯಯನ ಮಾಡಲು ಬೆಂಗಳೂರಿನ ವಿದ್ಯಾರ್ಥಿಗಳು ಬಸ್ಸು ಹತ್ತಿ ಇಲ್ಲಿಗೆ ಬರುತ್ತಾರೆ.

‘ಕೊಡಗು ವಿಶ್ವವಿದ್ಯಾಲಯವನ್ನೇ ಮುಚ್ಚುತ್ತಾರಂತೆ, ಅಲ್ಲಿಯ ಡಿಗ್ರಿ ನಡೆಯುತ್ತದಾ?’ ಎಂದು ನಿಮ್ಮಂತೆಯೇ ಮಗಳನ್ನು ಕಾಲೇಜಿಗೆ ಕಳಿಸುವ ಬೇರೆ ತಂದೆತಾಯಿಯರು ನನ್ನನ್ನು ಕೇಳಿದ್ದುಂಟು. 2023ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು. 2025ರ ಆರಂಭದಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಹಳೆಯವಕ್ಕೆ ಸೇರಿಸುವ ಮಾತು ಸಂಪುಟ ಉಪಸಮಿತಿಯಲ್ಲಿ ಬಂದದ್ದು ನಿಜ. ಕೊಡಗಿನ ಕಾಲೇಜುಗಳು ಹಿಂದೆ ಮೈಸೂರಿನ ಕೆಳಗಿದ್ದವು, 1980ರಲ್ಲಿ ಮಂಗಳೂರಿಗೆ ಹೋದವು, ಆಮೇಲೆ ಇಲ್ಲಿಗೆ ಬಂದವು. ಬೋರ್ಡು ಬದಲಾಯಿತೆಂದು ಯಾರ ಪದವಿಯೂ ರದ್ದಾಗಲಿಲ್ಲ. ಕಾನೂನಿನಡಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಕೊಟ್ಟ ಪದವಿ ಉಳಿಯುತ್ತದೆ.

ನನ್ನನ್ನೇ ಕೇಳಿದರೆ, ಮಗಳಿಗೆ ಓದಿನ ಹಸಿವಿದೆ, ಇಂಗ್ಲಿಷಿನಲ್ಲಿ ವಾರಕ್ಕೆ ನೂರು ಪುಟ ಓದಿ ನಾಲ್ಕು ಪುಟ ಸ್ವಂತ ಬರೆಯಲು ತಯಾರಿದ್ದಾಳೆ ಎಂದಾದರೆ ಬೆಂಗಳೂರಿಗೆ ಕಳಿಸಿ, ಅರ್ಥಶಾಸ್ತ್ರ ಅಥವಾ ಇತಿಹಾಸವನ್ನು ಮೈನರ್ ಮಾಡಿಸಿ. ಬರೀ ಊರು ಬಿಡುವ ಆಸೆಯಾದರೆ — ಹದಿನೆಂಟಕ್ಕೆ ಅದೂ ಸಹಜವೇ — ಮೈಸೂರಿಗೆ ಕಳಿಸಿದರೂ ತೀರುತ್ತದೆ, ಖರ್ಚೂ ಕಡಿಮೆ.

ತೀರ್ಮಾನಕ್ಕೆ ಇನ್ನೂ ಸಮಯ ಬೇಕೆನಿಸಿದರೆ ಮಡಿಕೇರಿಯ ಸೀಟನ್ನು ಬಿಡಬೇಡಿ. ಬೆಂಗಳೂರಿನಲ್ಲಿ ಕಟ್ಟಿದ ಹಣದ ವಿಚಾರಕ್ಕೂ ನಿಯಮವಿದೆ: ಯುಜಿಸಿಯ 2018ರ ಸೂಚನೆಯಂತೆ, ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಮೊದಲೇ ಸೀಟು ಬಿಟ್ಟರೆ ಸಣ್ಣ ಸಂಸ್ಕರಣಾ ಶುಲ್ಕ ಕಳೆದು ಪೂರ್ತಿ ಫೀಸು ವಾಪಸ್ ಕೊಡಬೇಕು. ಕೊನೆಯ ದಿನಕ್ಕೆ ಹದಿನೈದು ದಿನಕ್ಕಿಂತ ಕಡಿಮೆ ಉಳಿದಿರುವಾಗ ಬಿಟ್ಟರೆ ಶೇ. 90. ಕೊನೆಯ ದಿನ ಕಳೆದ ಮೇಲೆ ಮೊದಲ ಹದಿನೈದು ದಿನದಲ್ಲಿ ಶೇ. 80, ಅಲ್ಲಿಂದ ಮೂವತ್ತನೇ ದಿನದವರೆಗೆ ಶೇ. 50, ಆಮೇಲೆ ಏನೂ ಇಲ್ಲ. ಮೂಲ ಅಂಕಪಟ್ಟಿ, ಟಿ.ಸಿ.ಗಳನ್ನು ಒತ್ತೆ ಇಟ್ಟುಕೊಳ್ಳುವಂತೆಯೂ ಇಲ್ಲ. ಆ ಕೊನೆಯ ದಿನ ಯಾವುದೆಂದು ಬರಹದಲ್ಲಿ ತರಿಸಿಕೊಂಡು ಕ್ಯಾಲೆಂಡರಿನಲ್ಲಿ, ಮಳೆ ಇಂಚು ಬರೆಯುವ ಜಾಗದ ಪಕ್ಕದಲ್ಲೇ, ಗುರುತು ಹಾಕಿಡಿ.